ಕೊಡಗಿನಲ್ಲಿ ಮುಸ್ಲಿಂ ಹಬ್ಬಗಳ ವರ್ಷ: ನೆರೆಮನೆಯವರಿಗೆ, ತೋಟದವರಿಗೆ, ಮೇಷ್ಟ್ರುಗಳಿಗೆ ಒಂದು ಕೈಪಿಡಿ

"ಪೆರ್ನಾಳ್ ಯಾವತ್ತು?" ಪೆರ್ನಾಳ್ ಅಂದರೆ ಹಬ್ಬ. ರಂಜಾನಿನ ಕೊನೆಯ ವಾರ ಬಂತೆಂದರೆ ಈ ಪ್ರಶ್ನೆ ಕೇಳದವರೇ ಇಲ್ಲ. ತೋಟದ ರೈಟರಿಗೆ ಆಳುಗಳ ಲೆಕ್ಕ ಬೇಕು. ಮೇಷ್ಟ್ರಿಗೆ ಕಿರುಪರೀಕ್ಷೆ ಇಡಬೇಕು. ಹೋಂಸ್ಟೇಯವರಿಗೆ ಅಡುಗೆಯವನು ಎಷ್ಟು ದಿನ ರಜೆ ಅಂತ ತಿಳಿಯಬೇಕು. ಹಬ್ಬ ಮಾಡುವ ನಾವು ಕೊಡುವ ಉತ್ತರ ಮಾತ್ರ ಯಾವಾಗಲೂ ಒಂದೇ: "ಸೋಮವಾರ, ಇಲ್ಲದಿದ್ದರೆ ಮಂಗಳವಾರ." ಕೇಳಿದವರಿಗೆ ಸಣ್ಣ ಸಿಟ್ಟು. ತಮಾಷೆ ಮಾಡುತ್ತಿದ್ದಾರೆ ಅಂತ ಅನಿಸುತ್ತದೆ. ಆದರೆ ಹಿಂದಿನ ರಾತ್ರಿ ಏಳು ಗಂಟೆವರೆಗೆ ಹಬ್ಬ ಮಾಡುವ ಮನೆಯವರಿಗೂ ಅದು ಗೊತ್ತಿರುವುದಿಲ್ಲ.

2011ರ ಜನಗಣತಿ ಪ್ರಕಾರ ಕೊಡಗಿನಲ್ಲಿ ನೂರಕ್ಕೆ ಹತ್ತಿರ ಹತ್ತಿರ 16 ಜನ ಮುಸ್ಲಿಮರು. ಅಂದರೆ ನೀವು ಜಿಲ್ಲೆಯ ಯಾವ ಮೂಲೆಯಲ್ಲಿದ್ದರೂ ಈ ಹಬ್ಬಗಳು ನಿಮ್ಮ ಕೆಲಸವನ್ನು, ಬಸ್ಸನ್ನು, ಅಂಗಡಿಯನ್ನು ತಟ್ಟಿಯೇ ತಟ್ಟುತ್ತವೆ. ವರ್ಗವಾಗಿ ಹೊಸದಾಗಿ ಬಂದವರಿಗೂ, ಪಕ್ಕದ ಮನೆಯ ಬಿರಿಯಾನಿ ತಿಂದೇ ಬೆಳೆದರೂ ದಿನಾಂಕದ ಲೆಕ್ಕ ಹತ್ತದವರಿಗೂ ಈ ಬರಹ.

ಮೊದಲ ಕೆಲಸ: ನಾಲ್ಕು ದಿನ ಗುರುತು ಹಾಕಿಕೊಳ್ಳಿ

ಹಿಜರಿ, ಅಂದರೆ ಮುಸ್ಲಿಂ ಪಂಚಾಂಗದ ವರ್ಷ, ಪೂರ್ತಿ ಚಂದ್ರನ ಲೆಕ್ಕ. 12 ತಿಂಗಳು, ಒಂದೊಂದಕ್ಕೆ 29 ಅಥವಾ 30 ದಿನ, ಒಟ್ಟು 354 ಇಲ್ಲವೇ 355. ನಮ್ಮ ಚಾಂದ್ರಮಾನ ಪಂಚಾಂಗದಲ್ಲಿ ಅಧಿಕ ಮಾಸ ಸೇರಿಸಿ ಸೂರ್ಯನ ಜೊತೆ ಸರಿ ಮಾಡುತ್ತಾರಲ್ಲ, ಇಲ್ಲಿ ಅದು ಇಲ್ಲ. ಹಾಗಾಗಿ ಪ್ರತಿ ಹಬ್ಬ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಸುಮಾರು 33 ವರ್ಷಕ್ಕೆ ಒಂದು ಸುತ್ತು ಮುಗಿಯುತ್ತದೆ. ಜಡಿಮಳೆಯಲ್ಲಿ ಉಪವಾಸ ಹಿಡಿದವರೇ ಮುಂದೊಂದು ದಿನ ಕಾಫಿ ಕೊಯ್ಲಿನ ಚಳಿಯಲ್ಲೂ ಹಿಡಿಯುತ್ತಾರೆ. 2030ರಲ್ಲಂತೂ ಜನವರಿಯಲ್ಲಿ ಒಂದು ರಂಜಾನ್, ಡಿಸೆಂಬರ್ ಕೊನೆಗೆ ಇನ್ನೊಂದು ರಂಜಾನ್ ಶುರುವಾಗುತ್ತದೆ.

ರಾಜ್ಯ ಸರ್ಕಾರದ ರಜೆ ಪಟ್ಟಿಯಲ್ಲಿ ನಾಲ್ಕು ಹಬ್ಬಗಳಿವೆ: ಖುತುಬ್-ಎ-ರಂಜಾನ್ (ರಂಜಾನ್ ಹಬ್ಬ), ಬಕ್ರೀದ್, ಮೊಹರಂ ಕಡೆ ದಿನ, ಈದ್ ಮಿಲಾದ್. 2025ರಲ್ಲಿ ಇವು ಬಂದದ್ದು ಮಾರ್ಚ್ 31, ಜೂನ್ 7, ಜುಲೈ 6, ಸೆಪ್ಟೆಂಬರ್ 5ಕ್ಕೆ. ಇವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷದ ಅಂದಾಜು ಬೇಕೆಂದರೆ 11 ದಿನ ಕಳೆಯಿರಿ. ರಂಜಾನ್ ಹಬ್ಬದ ರಜೆ 2023ರಲ್ಲಿ ಏಪ್ರಿಲ್ 22, 2024ರಲ್ಲಿ ಏಪ್ರಿಲ್ 11, 2025ರಲ್ಲಿ ಮಾರ್ಚ್ 31. ಲೆಕ್ಕ ಸರಿಯಾಗಿ ಕೂತಿದೆ. ಬಕ್ರೀದ್ ಮಾತ್ರ ಇದೇ ಮೂರು ವರ್ಷದಲ್ಲಿ ಜೂನ್ 29, ಜೂನ್ 17, ಜೂನ್ 7. ಒಮ್ಮೆ 12 ದಿನ, ಒಮ್ಮೆ 10 ದಿನ. ಹಾಗಾಗಿ ಪೆನ್ಸಿಲ್ಲಿನಲ್ಲಿ ಬರೆಯಿರಿ, ಪೆನ್ನಿನಲ್ಲಿ ಬೇಡ.

ಇದಕ್ಕಿಂತ ಉಪಯೋಗದ ಲೆಕ್ಕ ಇನ್ನೊಂದಿದೆ. ರಂಜಾನ್ ಹಬ್ಬದ ದಿನ ತಿಳಿದರೆ ಉಳಿದ ಮೂರು ತಾನಾಗಿ ಸಿಗುತ್ತವೆ. ಅಲ್ಲಿಂದ 67-69 ದಿನಕ್ಕೆ ಬಕ್ರೀದ್. ಬಕ್ರೀದಿನಿಂದ ಒಂದು ತಿಂಗಳಿಗೆ ಮೊಹರಂ ಹತ್ತನೇ ದಿನ. ಅಲ್ಲಿಂದ ಎರಡು ತಿಂಗಳು, ಮೇಲೆರಡು ದಿನಕ್ಕೆ ಮಿಲಾದ್. ಆಮೇಲೆ ರಂಜಾನ್ ತಿಂಗಳವರೆಗೆ ಸರ್ಕಾರಿ ರಜೆ ಯಾವುದೂ ಇಲ್ಲ.

ಇನ್ನೊಂದು ವಿಷಯ ಮನಸ್ಸಿನಲ್ಲಿರಲಿ: ಇಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಶುಕ್ರವಾರ ರಾತ್ರಿ ಅಂತ ಹಳಬರು ಯಾರಾದರೂ ಹೇಳಿದರೆ ಅದು ನಿಮ್ಮ ಗುರುವಾರ ರಾತ್ರಿ ಇರಬಹುದು. ಕಾರ್ಯಕ್ರಮಕ್ಕೆ ಕರೆದರೆ ತಾರೀಖು ಕೇಳಿ, ವಾರ ಅಲ್ಲ.

ಎರಡನೆಯದು: ನಿಮ್ಮ ಊರಿನವರು ಯಾವ ಚಂದ್ರನನ್ನು ನಂಬುತ್ತಾರೆ, ತಿಳಿದುಕೊಳ್ಳಿ

ಜನ ಎಡವುವುದು ಇಲ್ಲೇ. ಬೇರೆ ಜಿಲ್ಲೆಯಿಂದ ಬಂದವರಿಗೆ ಇದು ಹೊಸದು.

ಕೊಡಗಿನ ಮುಸ್ಲಿಮರೆಲ್ಲ ಒಂದೇ ತರದವರಲ್ಲ. ಹೆಚ್ಚಿನವರು ಮನೆಯಲ್ಲಿ ಮಲಯಾಳ ಮಾತಾಡುವವರು. ಬ್ಯಾರಿ ಮಾತಾಡುವವರಿದ್ದಾರೆ. ವಿರಾಜಪೇಟೆ ಕಡೆ ಕೊಡವ ತಕ್ಕ್ ಆಡುವ, ಕೊಡವರಂತೆಯೇ ಮನೆ ಹೆಸರು ಇಟ್ಟುಕೊಂಡಿರುವ ಕೊಡವ ಮಾಪಿಳ್ಳೆಗಳಿದ್ದಾರೆ. ಪೇಟೆಗಳಲ್ಲಿ, ಕೊಡ್ಲಿಪೇಟೆ, ಶನಿವಾರಸಂತೆ ಕಡೆ ಉರ್ದು ಮನೆಗಳಿವೆ. ಮೊದಲ ಮೂವರು ಸಾಮಾನ್ಯವಾಗಿ ಶಾಫಿ ಪದ್ಧತಿಯವರು, ಉರ್ದು ಮನೆಗಳು ಹನಫಿ. ಎರಡೂ ಸುನ್ನಿಗಳೊಳಗಿನ ಆಚರಣೆಯ ಪದ್ಧತಿಗಳು. ಇತ್ತೀಚೆಗೆ ತೋಟದ ಲೈನ್ ಮನೆಗಳಿಗೆ ಅಸ್ಸಾಂ, ಬಂಗಾಳದಿಂದ ಬಂದ ಕೆಲಸಗಾರರಲ್ಲೂ ಮುಸ್ಲಿಮರು ಇದ್ದಾರೆ. ಅವರೂ ಹನಫಿಗಳೇ.

ಇದು ದಿನಾಂಕಕ್ಕೆ ಹೇಗೆ ಸಂಬಂಧ? ತಿಂಗಳ 29ರ ಸಂಜೆ ಹೊಸ ಚಂದ್ರ ಕಂಡರೆ ಮರುದಿನ ಹೊಸ ತಿಂಗಳು. ಕಾಣದಿದ್ದರೆ 30 ತುಂಬಿಸಬೇಕು. ಕೊಡಗಿನ ಮೋಡ ಗೊತ್ತಲ್ಲ, ಜೂನ್‌ನಿಂದ ಆಗಸ್ಟ್‌ವರೆಗೆ ಎದುರಿನ ಬೆಟ್ಟವೇ ಕಾಣುವುದಿಲ್ಲ, ಇನ್ನು ಕೂದಲೆಳೆಯಂಥ ಚಂದ್ರ ಎಲ್ಲಿಂದ ಕಾಣಬೇಕು. ಹಾಗಾಗಿ ಸುದ್ದಿ ಹೊರಗಿನಿಂದಲೇ ಬರಬೇಕು. ಶಾಫಿ ಮಸೀದಿಗಳವರ ಕಿವಿ ಕರಾವಳಿಯ ಮತ್ತು ಕೇರಳದ ಖಾಝಿಗಳ (ಧರ್ಮದ ವಿಷಯ ತೀರ್ಮಾನಿಸುವ ಹಿರಿಯರ) ಕಡೆಗೆ. ಕಾಪ್ಪಾಡ್ ಅಥವಾ ಪೊನ್ನಾನಿ ಕಡಲ ತೀರದಲ್ಲಿ ಚಂದ್ರ ಕಂಡಿತು ಅಂತ ಸುದ್ದಿ ಬಂದರೆ ಅಲ್ಲಿಗೆ ಮುಗಿಯಿತು. ಉರ್ದು ಮನೆಗಳವರು ಬೆಂಗಳೂರಿನ ಚಂದ್ರದರ್ಶನ ಸಮಿತಿಯ ಮಾತು ಕಾಯುತ್ತಾರೆ.

ಬಹಳ ವರ್ಷ ಎರಡೂ ಒಂದೇ ದಿನ ಬೀಳುತ್ತವೆ. ಕೆಲವು ವರ್ಷ ಬೀಳುವುದಿಲ್ಲ. 2024ರಲ್ಲಿ ಕೇರಳ ಮತ್ತು ದಕ್ಷಿಣ ಕನ್ನಡದ ಕಡೆ ಏಪ್ರಿಲ್ 10ಕ್ಕೆ ಹಬ್ಬ, ಬೆಂಗಳೂರಿನಲ್ಲಿ ಏಪ್ರಿಲ್ 11ಕ್ಕೆ. ಸರ್ಕಾರಿ ರಜೆ 11ಕ್ಕೆ. ಎರಡೂ ಕಡೆಗೆ ಕಿವಿ ಕೊಡುವ ಜಿಲ್ಲೆ ನಮ್ಮದು. ಇಂಥ ವರ್ಷ ಒಂದೇ ಪೇಟೆಯಲ್ಲಿ ಒಂದು ಮನೆ ಹಬ್ಬದೂಟ ಮಾಡುವಾಗ ಇನ್ನೊಂದು ಮನೆ ಉಪವಾಸದಲ್ಲಿರಬಹುದು. ಇದಕ್ಕೆ ಜಗಳ ಏನೂ ಇಲ್ಲ. ಅವರವರ ಹಬ್ಬದ ದಿನ ಅವರವರಿಗೆ ಶುಭಾಶಯ ಹೇಳಿದರೆ ಸಾಕು. "ನಿಮ್ಮವರಲ್ಲೇ ಒಗ್ಗಟ್ಟಿಲ್ವಾ?" ಅಂತ ಕೇಳುವ ರೂಢಿ ಕೆಲವರಿಗಿದೆ. ಅದು ಬೇಡ. ಸುಗ್ಗಿ ಹಬ್ಬ ಹುತ್ತರಿಯ ದಿನ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಿಗದಿಯಾಗಲಿ ಅಂತ ಕಾಯುವ ನಾಡು ನಮ್ಮದು, ಕ್ಯಾಲೆಂಡರಿನ ಕೆಂಪು ಅಂಕಿಯೇ ಕೊನೆ ಅಂತ ನಮಗೆ ಯಾರೂ ಕಲಿಸಿಲ್ಲ.

ಮಾಡಬೇಕಾದ ಕೆಲಸ ಇಷ್ಟೇ. ನಿಮ್ಮ ಊರಿನ ಮಸೀದಿಯ ಉಸ್ತಾದರದ್ದೋ (ಗುರುಗಳು), ಜಮಾಅತ್ (ಮಸೀದಿ ಸಮಿತಿ) ಕಾರ್ಯದರ್ಶಿಯದ್ದೋ ಫೋನ್ ನಂಬರ್ ಇಟ್ಟುಕೊಳ್ಳಿ. ಸಂಜೆ ಏಳರ ಮೇಲೆ "ಉಸ್ತಾದ್, ಚಂದ್ರ ಕಂಡಿತಾ?" ಅಂತ ಕೇಳಿ. ಖುಷಿಯಿಂದ ಹೇಳುತ್ತಾರೆ. ವಾಟ್ಸಾಪಿನಲ್ಲಿ ತಿರುಗುವ ಸೌದಿಯ ಸುದ್ದಿ ನೋಡಿ ತೀರ್ಮಾನ ಮಾಡಬೇಡಿ, ಅಲ್ಲಿನ ತಾರೀಖು ನಮ್ಮದಕ್ಕಿಂತ ಸಾಮಾನ್ಯವಾಗಿ ಒಂದು ದಿನ ಮುಂದಿರುತ್ತದೆ.

ಸರ್ಕಾರಿ ಕಚೇರಿಯಲ್ಲಿರುವವರಿಗೆ ಒಂದು ಮಾತು. ರಜೆ ಅಧಿಸೂಚನೆಯ ಕೆಳಗಿನ ಟಿಪ್ಪಣಿಗಳನ್ನು ಓದುವವರು ಕಡಿಮೆ. ಹಬ್ಬ ನಿಗದಿಯಾದ ದಿನ ಬೀಳದಿದ್ದರೆ, ಆ ರಜೆಗೆ ಬದಲಾಗಿ ಹಬ್ಬ ಆಚರಿಸುವ ದಿನ ಮುಸ್ಲಿಂ ನೌಕರರಿಗೆ ರಜೆ ಕೊಡಬಹುದು ಅಂತ ಅದರಲ್ಲೇ ಇರುತ್ತದೆ. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗೆ ಕೊಡಗಿಗೆ ಮಾತ್ರ ರಜೆ ಅಂತ ಬರೆದಿರುವುದೂ ಅದೇ ಟಿಪ್ಪಣಿಗಳಲ್ಲಿ.

ಮೂರನೆಯದು: ರಂಜಾನ್ ತಿಂಗಳಿಗೆ ತಯಾರಿ

ಹಬ್ಬಕ್ಕಿಂತ ಈ ತಿಂಗಳೇ ದೊಡ್ಡದು. ನೆರೆಯವರು ತಿಳಿದುಕೊಳ್ಳಬೇಕಾದ್ದೂ ಇದರಲ್ಲೇ ಜಾಸ್ತಿ. ಕೆಲವರು ನೋಂಬು ಅನ್ನುತ್ತಾರೆ, ಕೆಲವರು ರೋಜಾ.

ಬೆಳಗಿನ ಜಾವ ಮೊದಲ ಬೆಳಕು ಮೂಡುವ ಮುಂಚೆ ಊಟ ಮುಗಿಯಬೇಕು. ಸೂರ್ಯ ಮುಳುಗುವವರೆಗೆ ನೀರೂ ಇಲ್ಲ. ಮಾರ್ಚಿನಲ್ಲಾದರೆ ಬೆಳಗ್ಗೆ ಐದೂಕಾಲರ ಆಸುಪಾಸಿನಿಂದ ಸಂಜೆ ಆರೂವರೆ ದಾಟುವವರೆಗೆ. ಕೊಡಗಿನ ಮಾರ್ಚ್ ಬಿಸಿಲು ಬಯಲುಸೀಮೆಯಷ್ಟು ಇಲ್ಲ ನಿಜ. ಆದರೆ ರೊಬಸ್ಟಾ ಕೊಯ್ಲಿನ ಕೊನೆ, ಕಣದ ಕೆಲಸ, ಸ್ಪ್ರಿಂಕ್ಲರ್ ಪೈಪು ಹೊರುವುದು ಎಲ್ಲ ಅದೇ ಹೊತ್ತಿಗೆ. 2025ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಮಾರ್ಚ್ 21ಕ್ಕೆ ಶುರುವಾಗಿ ಉಪವಾಸದ ಮಧ್ಯೆಯೇ ಬಂತು.

ತೋಟದವರು ಮಾಡಬಹುದಾದ ಸುಲಭದ ವ್ಯವಸ್ಥೆ ಒಂದಿದೆ. ಉಪವಾಸದವರಿಗೆ ಮಧ್ಯಾಹ್ನದ ಊಟದ ಬಿಡುವು ಬೇಕಾಗಿಲ್ಲ. ಆ ಹೊತ್ತನ್ನು ಸಂಜೆಗೆ ಕಳೆದು ಬೇಗ ಬಿಡಿ. ನಮಾಜಿಗೆ ಹತ್ತು ನಿಮಿಷ ಸಿಕ್ಕರೆ ಸಾಕು. ಹೊರೆ ಎತ್ತುವ ಕೆಲಸ ಬೆಳಗ್ಗೆಗೆ, ವಿಂಗಡಿಸುವಂಥ ಕೂತು ಮಾಡುವ ಕೆಲಸ ಮಧ್ಯಾಹ್ನದ ಮೇಲಕ್ಕೆ. ಕೆಲಸಗಾರರನ್ನೇ ಕೇಳಿ ಹೊಂದಿಸಿದರೆ ಇನ್ನೂ ಒಳ್ಳೆಯದು. ಕೊಯ್ಲಿಗೆ ಕಿಲೋ ಲೆಕ್ಕದ ಕೂಲಿ ಇದ್ದರಂತೂ ಬೆಳಗ್ಗೆ ಬೇಗ ಶುರು ಮಾಡುತ್ತೇವೆ ಅಂತ ಅವರೇ ಹೇಳುತ್ತಾರೆ.

ಮೇಷ್ಟ್ರುಗಳು ಕ್ರೀಡಾಕೂಟ, ಪ್ರವಾಸ ಈ ತಿಂಗಳು ಇಡದಿದ್ದರೆ ಒಳ್ಳೆಯದು. ಚಿಕ್ಕ ಮಕ್ಕಳಿಗೆ ಉಪವಾಸ ಕಡ್ಡಾಯ ಅಲ್ಲ. ಆದರೆ ಏಳೆಂಟು ವರ್ಷದವರು ಹಟ ಹಿಡಿದು ಒಂದೆರಡು ಹಿಡಿಯುತ್ತಾರೆ, ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಳ್ಳುತ್ತಾರೆ. ಮಗು ಸುಸ್ತಾಗಿ ಕಂಡರೆ ಮನೆಗೆ ಫೋನ್ ಮಾಡಿ, ನೀವೇ ಬಲವಂತದಿಂದ ನೀರು ಕುಡಿಸಲು ಹೋಗಬೇಡಿ. ನಿಜಕ್ಕೂ ತಲೆಸುತ್ತಿ ಬಿದ್ದರೆ ಮಾತ್ರ ಯೋಚನೆ ಮಾಡದೆ ನೀರು ಕೊಡಿ. ಅದಕ್ಕೆ ಯಾರೂ ಬೇಸರ ಮಾಡುವುದಿಲ್ಲ.

ಒಂದು ಪ್ರಶ್ನೆ ಮಾತ್ರ ಯಾರಿಗೂ ಕೇಳಬೇಡಿ: "ನೀವ್ಯಾಕೆ ಇವತ್ತು ಉಪವಾಸ ಇಲ್ಲ?" ಕಾಯಿಲೆಯವರು, ಪ್ರಯಾಣದಲ್ಲಿರುವವರು, ಬಸುರಿಯರು, ಹಾಲೂಡಿಸುವವರಿಗೆ ವಿನಾಯಿತಿ ಇದೆ. ಮುಟ್ಟಿನ ದಿನಗಳಲ್ಲಿ ಹೆಂಗಸರು ಉಪವಾಸ ಹಿಡಿಯುವಂತಿಲ್ಲ, ಆಮೇಲೆ ಆ ದಿನಗಳನ್ನು ತುಂಬಿಸಿಕೊಡುತ್ತಾರೆ. ಆಫೀಸಿನಲ್ಲಿ ಎಲ್ಲರೆದುರು ಈ ಪ್ರಶ್ನೆ ಬಂದಾಗ ಹುಡುಗಿಯರು ಪಡುವ ಮುಜುಗರ ಸಣ್ಣದಲ್ಲ. ಹಾಗೆಯೇ ಉಪವಾಸದವರ ಮುಂದೆ ಕಾಫಿ ಕುಡಿಯಬಾರದು ಅಂತ ಏನೂ ಇಲ್ಲ. ಕುಡಿಯಿರಿ. "ಅಯ್ಯೋ ಪಾಪ" ಅಂತ ಪ್ರತಿ ಗುಟುಕಿಗೂ ಕ್ಷಮೆ ಕೇಳುವುದೇ ಹೆಚ್ಚು ಕಿರಿಕಿರಿ.

ಇಫ್ತಾರ್, ಅಂದರೆ ಸಂಜೆ ಉಪವಾಸ ಬಿಡುವ ಊಟ, ಮಾಡಿಸಬೇಕು ಅಂತ ಮನಸ್ಸಿದ್ದರೆ ಕ್ರಮ ಹೀಗೆ. ಕರೆಯುವಾಗಲೇ ಗಂಟೆ ಹೇಳುವ ಅಗತ್ಯ ಇಲ್ಲ, ಸೂರ್ಯ ಮುಳುಗಿ ಮಸೀದಿಯಲ್ಲಿ ಬಾಂಗ್ (ನಮಾಜಿನ ಕರೆ) ಕೊಡುವ ಹೊತ್ತೇ ಗಂಟೆ. ಅದಕ್ಕೆ ಹತ್ತು ನಿಮಿಷ ಮುಂಚೆ ತಟ್ಟೆ ಸಿದ್ಧ ಇರಲಿ. ಮೊದಲು ಖರ್ಜೂರ, ನೀರು. ಜೊತೆಗೆ ಕಲ್ಲಂಗಡಿ, ಬಾಳೆಹಣ್ಣು, ಒಂದು ಕರಿದ ತಿಂಡಿ. ಬಿಸಿ ತರಿ ಕಂಜಿಯೋ ಜೀರಿಗೆ ಗಂಜಿಯೋ ಇದ್ದರೆ ಹೊಟ್ಟೆಗೆ ಹಿತ. ಇಷ್ಟು ತಿಂದು ಅವರು ಮಗ್ರಿಬ್ (ಸಂಜೆಯ) ನಮಾಜಿಗೆ ಏಳುತ್ತಾರೆ. ಕೈಕಾಲು ಮುಖ ತೊಳೆಯಲು ನಲ್ಲಿ ತೋರಿಸಿ. ಒಂದು ಒಗೆದ ಜಮಖಾನ ಹಾಸಿ. ದಿಕ್ಕು ಕೇಳಿದರೆ ಪಶ್ಚಿಮ, ಸ್ವಲ್ಪ ಉತ್ತರಕ್ಕೆ ವಾಲಿ. ದೊಡ್ಡ ಊಟ ನಮಾಜ್ ಆದ ಮೇಲೆ. ಎಲ್ಲ ಒಟ್ಟಿಗೆ ಬಡಿಸಿಟ್ಟರೆ ಆರಿಹೋಗುತ್ತದೆ.

ಅಡುಗೆ ವಿಷಯದಲ್ಲಿ ಕೊಡಗಿನವರು ಹೆಚ್ಚು ಜಾಗ್ರತೆ ಮಾಡಬೇಕು, ಯಾಕೆ ಅಂತ ನಿಮಗೇ ಗೊತ್ತು. ಪಂದಿಕರಿ (ಹಂದಿ ಸಾರು) ಮಾಡುವ ಪಾತ್ರೆ, ಸೌಟು, ಹಲಗೆ ಬೇರೆ ಇಡಿ. ಕೋಳಿ, ಕುರಿ ಹಲಾಲ್ ಅಂಗಡಿಯಿಂದಲೇ ತನ್ನಿ, ತಂದದ್ದನ್ನು ಒಂದು ಮಾತು ಹೇಳಿಬಿಡಿ, ಅವರು ಕೇಳಲು ಸಂಕೋಚ ಪಡುತ್ತಾರೆ. ಗೊಂದಲವೇ ಬೇಡ ಅನಿಸಿದರೆ ಮೀನು ಮಾಡಿ, ಇಲ್ಲವೇ ತರಕಾರಿ. ನೂಪುಟ್ಟು, ಕಡಂಬುಟ್ಟು, ಅಕ್ಕಿ ಒಟ್ಟಿ ಇವೆಲ್ಲ ಅವರ ಮನೆಯಲ್ಲೂ ಮಾಡುವಂಥವೇ.

ಹೋಂಸ್ಟೇಗೆ ಉಪವಾಸದ ಅತಿಥಿ ಬಂದರೆ ಬೆಳಗಿನ ತಿಂಡಿ ಎಂಟಕ್ಕೆ ಇಟ್ಟು ಪ್ರಯೋಜನ ಇಲ್ಲ. ರಾತ್ರಿಯೇ ಫ್ಲಾಸ್ಕಿನಲ್ಲಿ ಬಿಸಿನೀರು, ಹಾಲು, ಬಾಳೆಹಣ್ಣು, ಬ್ರೆಡ್ಡು ಕೊಟ್ಟಿರಿ. ನಾಲ್ಕೂವರೆಗೆ ಅಡುಗೆಯವರನ್ನು ಎಬ್ಬಿಸುವ ಗೋಜು ಇರುವುದಿಲ್ಲ.

ತಿಂಗಳ ರಾತ್ರಿಗಳು ತರಾವೀಹ್ ಅನ್ನುವ ರಂಜಾನಿನ ವಿಶೇಷ ನಮಾಜಿನವು. ಮಸೀದಿ ಹತ್ತಿರದ ರಸ್ತೆ ಹತ್ತು ಗಂಟೆವರೆಗೆ ಜನರಿಂದ ತುಂಬಿರುತ್ತದೆ. ಕೊನೆಯ ಹತ್ತು ದಿನ ಇನ್ನೂ ಜಾಸ್ತಿ, 27ನೇ ರಾತ್ರಿಯಂತೂ ಬೆಳಗಿನವರೆಗೆ. ಮರುದಿನ ಆ ಮನೆಯವರಿಗೆ ಬೆಳಗ್ಗೆ ಎಂಟಕ್ಕೆ ಫೋನ್ ಮಾಡಬೇಡಿ.

ದಿನಸಿ ಅಂಗಡಿಯವರಿಗೂ ಒಂದು ಸೂಚನೆ. ಹಬ್ಬದ ನಮಾಜಿಗೆ ಮುಂಚೆ ಫಿತ್ರ್ ಝಕಾತ್ (ಬಡವರಿಗೆ ಕೊಡುವ ಹಬ್ಬದ ದಾನ) ಕೊಟ್ಟಿರಬೇಕು. ಮನೆಯ ಒಬ್ಬೊಬ್ಬರ ಲೆಕ್ಕಕ್ಕೆ, ಹಸುಗೂಸನ್ನೂ ಸೇರಿಸಿ, ಎರಡೂವರೆಯಿಂದ ಮೂರು ಕಿಲೋ ಊಟದ ಧಾನ್ಯ. ಶಾಫಿ ಮನೆಗಳು ಅಕ್ಕಿಯನ್ನೇ ಕೊಡುತ್ತವೆ, ಹನಫಿ ಮನೆಗಳಲ್ಲಿ ದುಡ್ಡು ಕೊಡುವ ರೂಢಿಯೂ ಇದೆ. ಅಂದರೆ ಚಂದ್ರ ಕಂಡ ರಾತ್ರಿ ಏಕಾಏಕಿ ಅಕ್ಕಿಗೆ ಬೇಡಿಕೆ. ಬಟ್ಟೆ ಅಂಗಡಿ, ಮಾಂಸದಂಗಡಿ ತಡರಾತ್ರಿವರೆಗೆ ತೆರೆದಿರುವುದೂ ಅದೇ ರಾತ್ರಿ. ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರದಲ್ಲಿ ಅವತ್ತು ಗಾಡಿ ನಿಲ್ಲಿಸಲು ಜಾಗ ಹುಡುಕಬೇಡಿ.

ನಾಲ್ಕನೆಯದು: ಹಬ್ಬದ ದಿನ ಮನೆಗೆ ಹೋಗುವುದು

ಬೆಳಗ್ಗೆ ಎಂಟು-ಒಂಬತ್ತರ ಹೊತ್ತಿಗೆ ನಮಾಜ್. ಮುಗಿಸಿ ಹಿರಿಯರ ಗೋರಿಗಳ ಹತ್ತಿರ ಹೋಗಿ ದುಆ (ಪ್ರಾರ್ಥನೆ) ಮಾಡಿ ಬರುತ್ತಾರೆ. ಆಮೇಲೆ ನೆಂಟರ ಮನೆ. ನೀವು ಹನ್ನೊಂದರ ಮೇಲೆ ಹೋದರೆ ಸರಿಯಾದ ಹೊತ್ತು. ಮಧ್ಯಾಹ್ನದ ಮೇಲೆ ಅವರೂ ತಿರುಗಾಟಕ್ಕೆ ಹೊರಟಿರಬಹುದು. ಹಲವರ ತವರು, ನೆಂಟಸ್ತನ ಕಣ್ಣೂರು, ಕಾಸರಗೋಡು, ಸುಳ್ಯ, ವಯನಾಡು ಕಡೆ. ಹಬ್ಬದ ಹಿಂದುಮುಂದಿನ ದಿನ ಮಾಕುಟ್ಟದ ದಾರಿಯ ಬಸ್ಸು ತುಂಬಿರುವುದು ಅದಕ್ಕೇ.

"ಈದ್ ಮುಬಾರಕ್" ಅಂದರೆ ಎಲ್ಲರಿಗೂ ಒಪ್ಪುತ್ತದೆ. ಬರಿಗೈಯಲ್ಲಿ ಹೋದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ. ತೆಗೆದುಕೊಂಡು ಹೋಗುವುದಾದರೆ ಹಣ್ಣು, ಜೇನು, ಸಿಹಿ. ಮಡಿಕೇರಿಯ ಅಂಗಡಿಗಳಲ್ಲಿ ಸಿಗುವ ಮನೆ ವೈನು ಬೇಡವೇ ಬೇಡ. ಚಾಕೊಲೇಟ್ ಕೊಳ್ಳುವಾಗಲೂ ಒಳಗೆ ರಮ್ ಇದೆಯಾ ಅಂತ ನೋಡಿ, ಕೊಡಗಿನಲ್ಲಿ ಅದೂ ಮಾರುತ್ತಾರೆ. ಮಕ್ಕಳ ಕೈಗೆ ಹತ್ತಿಪ್ಪತ್ತು ರೂಪಾಯಿಯ ಹೊಸ ನೋಟು ಇಟ್ಟರೆ ಅವತ್ತಿನ ದೊಡ್ಡ ಮನುಷ್ಯ ನೀವೇ.

ಊಟಕ್ಕೆ ನೈಚೋರು (ತುಪ್ಪದನ್ನ), ಕೋಳಿ ಸಾರು, ಬಿರಿಯಾನಿ. ಉರ್ದು ಮನೆಗಳಲ್ಲಿ ಶೀರ್ ಖುರ್ಮಾ. ನೀವು ಮಾಂಸ ತಿನ್ನದವರಾದರೆ ಬಾಗಿಲಲ್ಲೇ ಹೇಳಿ. ಮೊಟ್ಟೆ ತಿನ್ನುತ್ತೀರಾ ಇಲ್ಲವಾ ಅನ್ನುವುದನ್ನೂ ಸೇರಿಸಿ ಹೇಳಿ. ಪಾಯಸ, ಹಣ್ಣು, ಗೋಡಂಬಿ ಬಂದೇ ಬರುತ್ತದೆ. ಬಡಿಸಿದ ಮೇಲೆ ತಟ್ಟೆ ದೂಡುವುದಕ್ಕಿಂತ ಇದು ಎಷ್ಟೋ ಮೇಲು.

ಮರುದಿನದಿಂದ ಕೆಲವರು ಮತ್ತೆ ಆರು ದಿನ ಉಪವಾಸ ಹಿಡಿಯುತ್ತಾರೆ. ಕಡ್ಡಾಯ ಅಲ್ಲ, ಆದರೆ ಹೆಂಗಸರಲ್ಲಿ ಈ ರೂಢಿ ಜಾಸ್ತಿ. ಹಬ್ಬ ಮುಗಿಯಿತಲ್ಲ ಅಂತ ಊಟಕ್ಕೆ ಕರೆಯುವ ಮುಂಚೆ ಒಂದು ಮಾತು ಕೇಳಿ. ಮದುವೆಗಳು ಶುರುವಾಗುವುದೂ ಈ ತಿಂಗಳಿನಿಂದಲೇ, ಮಂಟಪ ಬೇಕಾದವರು ಮುಂಚೆಯೇ ವಿಚಾರಿಸಿಕೊಳ್ಳಿ.

ಐದನೆಯದು: ಬಕ್ರೀದ್

ಇದರ ದಿನ ಹತ್ತು ದಿನ ಮುಂಚೆಯೇ ಗೊತ್ತಾಗುತ್ತದೆ, ಯಾಕೆಂದರೆ ಹಬ್ಬ ಬೀಳುವುದು ತಿಂಗಳ ಹತ್ತಕ್ಕೆ. ತಿಂಗಳ ಮೊದಲ ಚಂದ್ರ ಕಂಡ ರಾತ್ರಿಯೇ ಲೆಕ್ಕ ಮುಗಿಯಿತು. ರಜೆ ಹೊಂದಿಸುವವರಿಗೆ ಇದೊಂದು ನೆಮ್ಮದಿ.

ಹಜ್ಜ್ ಯಾತ್ರೆಯ ದಿನಗಳೂ ಇವೇ. 2025ರಲ್ಲಿ ಸೌದಿಯಲ್ಲಿ ಜೂನ್ 6ಕ್ಕೆ ಹಬ್ಬ, ನಮ್ಮಲ್ಲಿ 7ಕ್ಕೆ. ಟೀವಿಯಲ್ಲಿ ಅರಫಾ ಮೈದಾನದ ಜನಸಾಗರ ತೋರಿಸಿದ ಮರುದಿನವೇ ಇಲ್ಲೂ ಹಬ್ಬ ಅಂದುಕೊಂಡರೆ ತಪ್ಪುತ್ತದೆ. ಹಬ್ಬದ ಹಿಂದಿನ ದಿನ ಇಲ್ಲಿ ಬಹಳ ಮಂದಿ ಉಪವಾಸ ಇರುತ್ತಾರೆ. ಕುರ್ಬಾನಿ (ಹಬ್ಬದ ಪ್ರಾಣಿಬಲಿ) ಕೊಡುವವರಲ್ಲಿ ಹಲವರು ತಿಂಗಳ ಒಂದರಿಂದ ಕೂದಲು, ಉಗುರು ಕತ್ತರಿಸುವುದಿಲ್ಲ. ಸಹೋದ್ಯೋಗಿಯ ಗಡ್ಡ ನೋಡಿ ತಮಾಷೆ ಮಾಡುವ ಮುಂಚೆ ಇದು ನೆನಪಿರಲಿ.

ಕುರ್ಬಾನಿ ನಮಾಜ್ ಆದ ಮೇಲೆಯೇ. ಹನಫಿಗಳಿಗೆ ಮೂರು ದಿನ ಅವಕಾಶ, ಶಾಫಿಗಳಿಗೆ ನಾಲ್ಕು. ಮಾಂಸವನ್ನು ಮನೆಗೆ, ನೆಂಟರು-ನೆರೆಯವರಿಗೆ, ಬಡವರಿಗೆ ಅಂತ ಮೂರು ಪಾಲು ಮಾಡುವುದು ಸಾಮಾನ್ಯ ರೂಢಿ. ಕರ್ನಾಟಕದಲ್ಲಿ 2020ರ ಕಾಯ್ದೆ ಪ್ರಕಾರ ಹಸು, ಎತ್ತು, ಕರು ಕಡಿಯುವಂತಿಲ್ಲ, 13 ವರ್ಷ ದಾಟಿದ ಎಮ್ಮೆ-ಕೋಣಕ್ಕೆ ಮಾತ್ರ ಅನುಮತಿಯ ಮೇಲೆ ಅವಕಾಶ. ಹಾಗಾಗಿ ಆಡು, ಕುರಿಯದ್ದೇ ಹೆಚ್ಚು.

ಈ ಮಾತು ಹಬ್ಬ ಮಾಡುವ ನಮ್ಮವರಿಗೆ. ಹಬ್ಬ ಜೂನಿನಲ್ಲಿ ಬಂದರೆ ಕೊಡಗಿನಲ್ಲಿ ಮಳೆ. ರಕ್ತ, ಕರುಳು, ಚರ್ಮ ತೋಡಿನ ಹತ್ತಿರ ಬಿಟ್ಟರೆ ಅದು ಕಾವೇರಿಗೇ ಸೇರುತ್ತದೆ, ಕೆಳಗಿನ ಊರಿನವರು ಅದೇ ನೀರು ಕುಡಿಯುತ್ತಾರೆ. ಮಳೆ ಹಿಡಿಯುವ ಮುಂಚೆ, ಬಾವಿಯಿಂದ ದೂರ, ಆಳವಾದ ಗುಂಡಿ ತೋಡಿಸಿ, ಮೇಲೆ ಸುಣ್ಣ, ಮಣ್ಣು ಹಾಕಿ ಮುಚ್ಚಿ. ಜಮಾಅತ್ ಸೇರಿ ಒಂದೇ ಕಡೆ ಮಾಡಿಸಿದರೆ ಈ ತಲೆನೋವು ಕಡಿಮೆ. ಫೋಟೊ ತೆಗೆದು ಸ್ಟೇಟಸ್ ಹಾಕುವ ಹುಡುಗರಿಗೆ ಮನೆಯ ಹಿರಿಯರು ಹೇಳಲಿ. ಇಬಾದತ್ (ಆರಾಧನೆ) ಅಂತ ಮಾಡುವುದಕ್ಕೆ ಪ್ರದರ್ಶನ ಯಾಕೆ?

ನೆರೆಯವರಿಗೆ ಒಂದೇ ಸೂಚನೆ: ಮಾಂಸದ ಪೊಟ್ಟಣ ಬೇಡದಿದ್ದರೆ ಹಿಂದಿನ ದಿನವೇ ಹೇಳಿಬಿಡಿ. ಅದು ಬೇರೆ ಮನೆಗೆ ಹೋಗುತ್ತದೆ, ಮನಸ್ಸು ಯಾರದ್ದೂ ಕೆಡುವುದಿಲ್ಲ.

ಆರನೆಯದು: ಮೊಹರಂಗೆ ಶುಭಾಶಯ ಹೇಳುವ ಮುಂಚೆ

ಮೊಹರಂ ಒಂದಕ್ಕೆ ಹಿಜರಿ ಹೊಸ ವರ್ಷ. ಸರ್ಕಾರದ ರಜೆ ಇರುವುದು ಹತ್ತನೇ ದಿನಕ್ಕೆ. ಕ್ರಿ.ಶ. 680ರಲ್ಲಿ ಈಗಿನ ಇರಾಕಿನ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಇಮಾಮ್ ಹುಸೇನರು ಹತರಾದದ್ದು ಅವತ್ತು. ಶಿಯಾ ಪಂಗಡದವರಿಗೆ ಅದು ಶೋಕದ ದಿನ. ಸುನ್ನಿಗಳು ಪ್ರವಾದಿ ಮೂಸಾ ಫಿರ್‌ಔನನಿಂದ ಪಾರಾದ ನೆನಪಿಗೆ 9 ಮತ್ತು 10ಕ್ಕೆ ಉಪವಾಸ ಹಿಡಿಯುತ್ತಾರೆ. ಉತ್ತರ ಕರ್ನಾಟಕದಿಂದ ಬಂದವರು ಅಲಾಯಿ ಕುಣಿ, ಪಂಜಾ, ಹುಲಿವೇಷ ಹುಡುಕಬಹುದು. ಕೊಡಗಿನ ಶಾಫಿ ಊರುಗಳಲ್ಲಿ ಅದು ಇಲ್ಲ, ದಿನ ಸದ್ದಿಲ್ಲದೆ ಹೋಗುತ್ತದೆ. "ಹ್ಯಾಪಿ ಮೊಹರಂ" ಅಂತ ಬಣ್ಣದ ಚಿತ್ರ ಕಳಿಸಬೇಡಿ, ಅಷ್ಟೇ.

ಏಳನೆಯದು: ಮಿಲಾದ್

ರಬೀಉಲ್ ಅವ್ವಲ್ 12, ಪ್ರವಾದಿಯವರ ಜನ್ಮದಿನ. ಇದು ಮದರಸಾ ಮಕ್ಕಳ ಹಬ್ಬ. ತಿಂಗಳು ಹುಟ್ಟಿದಾಗಿನಿಂದ ಹಾಡು, ಭಾಷಣ, ದಫ್ (ಕೈತಮಟೆ) ತಾಲೀಮು. ಮನೆಮನೆಯಲ್ಲಿ ಮೌಲಿದ್ (ಪ್ರವಾದಿಯವರ ಗುಣಗಾನ) ಓದಿಸಿ ಊಟ ಹಾಕುತ್ತಾರೆ. 12ರ ಬೆಳಗ್ಗೆ ಮಕ್ಕಳು ಬಿಳಿ ಟೋಪಿ ಹಾಕಿ, ಬಾವುಟ ಹಿಡಿದು ಮೆರವಣಿಗೆ. ದಾರಿಯಲ್ಲಿ ಪಾನಕ, ಮಿಠಾಯಿ ಹಂಚುವವರಲ್ಲಿ ಹಿಂದೂ ಅಂಗಡಿಯವರೂ ಇರುತ್ತಾರೆ. ನೀವೂ ಹಂಚಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಪೇಟೆಯಲ್ಲಿ ಕೆಲಸ ಇದ್ದವರು ಮಧ್ಯಾಹ್ನದ ಮೇಲೆ ಇಟ್ಟುಕೊಳ್ಳಿ. 2025ರಲ್ಲಿ ಕೈಲ್ ಮುಹೂರ್ತ ಆಗಿ ಎರಡೇ ದಿನಕ್ಕೆ ಮಿಲಾದ್ ಬಂದಿತ್ತು, ಅಂಥ ವಾರ ಆಳು ಸಿಗುವುದು ಕಷ್ಟ.

ಎಲ್ಲ ಮುಸ್ಲಿಮರೂ ಇದನ್ನು ಆಚರಿಸುವುದಿಲ್ಲ. ಸಲಫಿ ವಿಚಾರದವರು ಪ್ರವಾದಿಯವರು ಮಾಡದ ಆಚರಣೆ ಬೇಡ ಅನ್ನುತ್ತಾರೆ. ನಿಮ್ಮ ಪರಿಚಯದವರು ಮಿಲಾದ್ ದಿನ ಕೆಲಸಕ್ಕೆ ಬಂದರೆ ಆಶ್ಚರ್ಯ ಬೇಡ, ವಾದಕ್ಕೂ ಇಳಿಯಬೇಡಿ.

ರಜೆ ಇಲ್ಲದ ದಿನಗಳು, ರಾತ್ರಿಗಳು

ಶುಕ್ರವಾರದ ಜುಮಾ ವರ್ಷವಿಡೀ ಇರುತ್ತದೆ. ಹನ್ನೆರಡೂವರೆಯಿಂದ ಒಂದೂವರೆವರೆಗೆ ಸಭೆ, ಇಂಟರ್‌ವ್ಯೂ ಇಡಬೇಡಿ. ರಜಬ್ 27 ಮಿಅರಾಜ್ ರಾತ್ರಿ. ಶಅಬಾನ್ 15 ಬರಾಅತ್ ರಾತ್ರಿ, ಅಲ್ಲಿಂದ ಸುಮಾರು ಹದಿನೈದು ದಿನಕ್ಕೆ ರಂಜಾನ್, ಹಾಗಾಗಿ ಇದು ಒಳ್ಳೆಯ ಮುನ್ಸೂಚನೆ. ಶಬೆ ಬರಾಅತ್ (ಬರಾಅತ್ ರಾತ್ರಿ), ಶಬೆ ಖದ್ರ್ (ರಂಜಾನಿನ 27ನೇ ರಾತ್ರಿ), ರಂಜಾನಿನ ಕೊನೆಯ ಶುಕ್ರವಾರ ಇವು ಸರ್ಕಾರದ ಪರಿಮಿತ ರಜೆ ಪಟ್ಟಿಯಲ್ಲಿ ಬರುತ್ತವೆ. ಬೇಕಾದವರು ಮುಂಚೆ ಅರ್ಜಿ ಕೊಡಬೇಕು.

ಕೊನೆಯದು: ಉರೂಸಿಗೆ ಹೋಗುವುದಾದರೆ

ಉರೂಸ್ ಊರಿನ ದರ್ಗಾದ ವಾರ್ಷಿಕ ಉತ್ಸವ. ಇದಕ್ಕೆ ಒಂದೇ ತಾರೀಖು ಇಲ್ಲ. ಆಯಾ ಜಮಾಅತ್ ನಿಗದಿ ಮಾಡಿ ಪೋಸ್ಟರ್ ಅಂಟಿಸುತ್ತದೆ. ಹೆಚ್ಚಿನವು ಮಳೆ ಬಿಟ್ಟ ತಿಂಗಳುಗಳಲ್ಲಿ. ಕೊಡಗಿನಲ್ಲಿ ಹೆಸರು ಮಾಡಿದ್ದು ನಾಪೋಕ್ಲು ಹತ್ತಿರದ ಎಮ್ಮೆಮಾಡು. ಅಲ್ಲಿ ಸೂಫಿ ಶಹೀದರ ದರ್ಗಾಕ್ಕೆ ಹಿಂದೂಗಳೂ ಹರಕೆ ಹೊತ್ತು ಬರುತ್ತಾರೆ. ಉರೂಸಿನ ದಿನಗಳಲ್ಲಿ ಧಾರ್ಮಿಕ ಪ್ರವಚನ, ಸೌಹಾರ್ದ ಸಮ್ಮೇಳನ, ಅನ್ನದಾನ ನಡೆಯುತ್ತವೆ.

ಹೋಗುವಾಗ ಗಂಡಸರು ಟೋಪಿಯೋ ಕರವಸ್ತ್ರವೋ ತಲೆಗೆ ಕಟ್ಟಿಕೊಳ್ಳಿ, ಹೆಂಗಸರು ಸೆರಗೋ ದುಪಟ್ಟಾವೋ ಹೊದ್ದುಕೊಳ್ಳಿ. ಚಪ್ಪಲಿ ಹೊರಗೆ. ಹೆಂಗಸರಿಗೆ ಬೇರೆ ದಾರಿ ಇದೆಯಾ ಅಂತ ಸ್ವಯಂಸೇವಕರನ್ನು ಕೇಳಿ. ಒಳಗೆ ಫೋಟೊ ತೆಗೆಯುವ ಮುಂಚೆಯೂ ಕೇಳಿ. ಹರಕೆ ದುಡ್ಡನ್ನು ಹುಂಡಿಗೆ ಹಾಕಿ ಅಥವಾ ಕೌಂಟರಿನಲ್ಲಿ ಕೊಟ್ಟು ರಸೀದಿ ತೆಗೆದುಕೊಳ್ಳಿ, ದಾರಿಯಲ್ಲಿ ಅಡ್ಡ ಹಾಕಿ ಕೇಳಿದವರ ಕೈಗೆ ಬೇಡ. ಅನ್ನದಾನದ ಊಟದಲ್ಲಿ ಮಾಂಸ ಇರುತ್ತದೆ. ತಿನ್ನದವರು ಬುತ್ತಿ ಕಟ್ಟಿಕೊಂಡು ಹೋಗಿ.

ಸ್ವಂತ ಗಾಡಿಯಾದರೆ ನಾಪೋಕ್ಲು ಪೇಟೆ ದಾಟುವುದೇ ಅರ್ಧ ಗಂಟೆಯ ಕೆಲಸ ಆಗಬಹುದು, ಸಂಜೆಗಿಂತ ಬೆಳಗ್ಗೆ ಹೊರಡಿ. ಬಸ್ಸಾದರೆ ಇಳಿಯುವಾಗಲೇ ಕಂಡಕ್ಟರನ್ನು ವಾಪಸ್ ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ಕೇಳಿಟ್ಟುಕೊಳ್ಳಿ. ಪ್ರವಚನ ನಡುರಾತ್ರಿವರೆಗೆ ನಡೆದರೂ ಬಸ್ಸು ಅಷ್ಟು ಹೊತ್ತು ಕಾಯುವುದಿಲ್ಲ.